ಬಿಗಿ ಎಷ್ಟು, ಬಿಡುವು ಎಷ್ಟು? : ಅಪ್ಪನ ಯೆಜ್ಡಿಯ ಕ್ಲಚ್ಚು ಕಲಿಸಿದ ಪಾಠ

ಕಾಯಕದ ಮಾತು ಬಂದಾಗ ನಮ್ಮ ಮನಸ್ಸು ಸಹಜವಾಗಿಯೇ ಹನ್ನೆರಡನೆಯ ಶತಮಾನದ ಕಲ್ಯಾಣದ ಕಡೆಗೆ ಹರಿಯುತ್ತದೆ. ಹಗ್ಗ ಹೊಸೆದ ನುಲಿಯ ಚಂದಯ್ಯನವರು, ದೋಣಿ ನಡೆಸಿದ ಅಂಬಿಗರ ಚೌಡಯ್ಯನವರು, ಬಿದಿರು ಸೀಳಿದ ಮೇದಾರ ಕೇತಯ್ಯನವರು, ಬಟ್ಟೆ ಮಡಿ ಮಾಡಿದ ಮಾಚಿದೇವರು ಇವರೆಲ್ಲ ಕೈಕೆಲಸವನ್ನು ಪೂಜೆಯ ಎತ್ತರಕ್ಕೆ ಏರಿಸಿದ ಶರಣರು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಇದನ್ನು ಬೋಧಿಸಿದವನು ನಾನು. ಆದರೆ ಬೋಧಿಸಿದ್ದನ್ನು ಕೈಗೆ ಎಣ್ಣೆ ಹತ್ತಿಸಿಕೊಂಡು ತಿಳಿಯುವ ಸಂದರ್ಭ ಒದಗಿದ್ದು ನಿವೃತ್ತಿಯ ಅಂಚಿಗೆ ಬಂದಮೇಲೆ. ಅದೂ ಬ್ಯಾಡಗಿಯ ನಮ್ಮ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ, ಒಂದು ಹಳೆಯ ಮೋಟಾರುಗಾಡಿಯ ಮುಂದೆ.

ಆ ಗಾಡಿ 1976ರ ಯೆಜ್ಡಿ. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ತಂದೆಯವರು ಹಳ್ಳಿಹಳ್ಳಿಗೆ ಹೋಗಿ ಮಾಲಿನ ಮಾದರಿ ನೋಡಿ ಬರಲು ಅದನ್ನು ಕೊಂಡಿದ್ದರು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಮನೆಯ ಒಬ್ಬ ಸದಸ್ಯನಂತೆ ದುಡಿದು, ಆಮೇಲೆ ಬಿಡಿಭಾಗಗಳು ಸಿಗದೆ ಕೊಟ್ಟಿಗೆ ಸೇರಿತು. ಮೇಲೆ ಗೋಣಿಚೀಲ, ಗೋಣಿಚೀಲದ ಮೇಲೆ ಹೊಟ್ಟಿನ ಧೂಳು.

ತಾಯಿಯವರು ಲಿಂಗೈಕ್ಯರಾದ ಮೇಲೆ ತಂದೆಯವರು ಮನೆಯ ಹೊಸ್ತಿಲು ದಾಟುವುದನ್ನು ಬಿಟ್ಟುಬಿಟ್ಟಿದ್ದರು. ಬೆಳಗಿನ ಲಿಂಗಪೂಜೆ, ಪ್ರಸಾದ, ಪಡಸಾಲೆಯ ಮಂಚ, ಇಷ್ಟೇ ಅವರ ಲೋಕ. ಅದೇ ಸಮಯಕ್ಕೆ ಬೆಂಗಳೂರಿನಲ್ಲಿರುವ ನನ್ನ ತಮ್ಮ ಹಳೆಯ ಗಾಡಿಗಳನ್ನು ಸಂಗ್ರಹಿಸುವವರೊಬ್ಬರ ಬೇಡಿಕೆಯನ್ನು ತಂದ. ಒಳ್ಳೆಯ ಬೆಲೆ. ಮಾರಿದರೆ ತಪ್ಪೇನು ಎಂಬುದು ಅವನ ಮಾತು, ನನಗೂ ತಪ್ಪೆನಿಸಲಿಲ್ಲ. ತಂದೆಯವರ ಮುಂದೆ ವಿಷಯ ಇಟ್ಟೆವು. ಎಷ್ಟೋ ದಿನಗಳ ಮೇಲೆ ಅವರು ನಮ್ಮ ಮುಖ ನೋಡಿ ಮಾತನಾಡಿದರು.

"ಮಾರಬ್ಯಾಡ್ರೋ ತಮ್ಮಾ. ಅದರ ಮ್ಯಾಲೆ ಒಮ್ಮಿ ಹೊಳಿದಂಡಿಗೆ ಹೋಗಿಬರೂಣು. ಆಮ್ಯಾಲೆ ನಿಮ್ಮಿಷ್ಟ."

ಹೊಳೆದಂಡೆ ಎಂದರೆ ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ. ತುಂಗಭದ್ರೆಯ ತೀರದಲ್ಲಿ ಮುಕ್ತೇಶ್ವರ ದೇವಾಲಯವಿರುವ, ಅಂಬಿಗರ ಚೌಡಯ್ಯನವರ ಹೆಸರನ್ನೇ ಹೊತ್ತ ಊರು. ಹೊಸ ಗಾಡಿ ಬಂದಾಗ ತಂದೆತಾಯಿಗಳಿಬ್ಬರೂ ಮೊದಲು ಹೋಗಿಬಂದದ್ದು ಅಲ್ಲಿಗೆ.

ಮೈಸೂರಿನಲ್ಲಿ ಹುಟ್ಟಿದ ಗಾಡಿ

ಈ ಗಾಡಿಯ ಕುಲವೃತ್ತಾಂತವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಉಚಿತ. ಜಾವಾ ಎಂಬುದು ಮೂಲತಃ ಚೆಕ್ ದೇಶದ ಸಂಸ್ಥೆ. ಫ್ರಾಂಟಿಷೆಕ್ ಯಾನೆಚೆಕ್ ಎಂಬುವರು 1929ರಲ್ಲಿ ಸ್ಥಾಪಿಸಿದ್ದು. ಅವರು ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರುಗಾಡಿಯ ವಿನ್ಯಾಸವನ್ನು ಕೊಂಡಿದ್ದರಿಂದ, ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಆ ಕಂಪನಿಯ ಹೆಸರಿನ ಮೊದಲಕ್ಷರಗಳನ್ನೂ ಕೂಡಿಸಿ ಜಾವಾ ಎಂದು ಹೆಸರಿಟ್ಟರು. ಪಾರ್ಸಿ ಉದ್ಯಮಿಗಳಾದ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಅದನ್ನು ನಮ್ಮ ನಾಡಿಗೆ ತಂದರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಲ್ಲಿ ಅಲ್ಲಿಂದ ಗಾಡಿಗಳು ಹೊರಬರತೊಡಗಿದವು. ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು.

1973ರ ಸುಮಾರಿಗೆ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. ಇದು ಪಾರ್ಸಿಗಳ ಹಿರಿಯರ ನೆಲೆಗಳಲ್ಲೊಂದಾದ ಇರಾನಿನ ಯಜ್ದ್ ಎಂಬ ಊರಿನ ನೆನಪು. ಒಂದೇ ಸಿಲಿಂಡರು, ಎರಡು ಹೊಗೆಕೊಳವೆ, ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಓಡಿಸುವ ಎಂಜಿನು. ದೂರದಿಂದಲೇ ಗುರುತು ಹಿಡಿಯಬಹುದಾದ ಸದ್ದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ 2018ರಲ್ಲಿಯೂ ಯೆಜ್ಡಿ 2022ರಲ್ಲಿಯೂ ಬೇರೊಂದು ಸಂಸ್ಥೆಯಿಂದ ಮತ್ತೆ ಮಾರುಕಟ್ಟೆಗೆ ಬಂದುದುಂಟು. ಆದರೆ ಅವು ಹೆಸರಿನಿಂದ ಮಾತ್ರ ಹಳೆಯವು. ಎಂಜಿನು ಬೇರೆ, ಬಿಡಿಭಾಗಗಳೂ ಬೇರೆ.

ಆ ರಾತ್ರಿಯ ನೆನಪು

ಎಂಜಿನ್ನಿನ ಕೆಲಸ ನಿರೀಕ್ಷೆಗಿಂತ ಸುಲಭವಾಗಿ ಮುಗಿಯಿತು. ತೊಡಕಾದದ್ದು ಕ್ಲಚ್ಚು. ಯೆಜ್ಡಿಯ ಕ್ಲಚ್ಚಿಗೆ ಒಂದು ವಿಶೇಷ ಗುಣವಿದೆ. ಎಡಗೈಯ ಹಿಡಿಕೆಯನ್ನು ಒತ್ತಿದಾಗ ಅದು ಬಿಡುವಂತೆ, ಎಡಗಾಲಿನಿಂದ ಗೇರು ಬದಲಿಸುವ ಲಿವರನ್ನು ಒತ್ತಿದಾಗಲೂ ತಾನಾಗಿಯೇ ಬಿಡುತ್ತದೆ. ಕಿಕ್ ಹೊಡೆಯುವುದೂ ಗೇರು ಹಾಕುವುದೂ ಒಂದೇ ಲಿವರಿನಿಂದ; ಅದೇ ಲಿವರು ಕ್ಲಚ್ಚಿಗೂ ಒಡೆಯ. ಈ ಏರ್ಪಾಡನ್ನು ಸರಿಯಾಗಿ ಹೊಂದಿಸಲು ಬಾರದ ಕೆಲವು ಗ್ಯಾರೇಜುಗಳವರು ಅದನ್ನು ಕಳಚಿ ಇಟ್ಟುಬಿಡುತ್ತಿದ್ದರು. ನಮ್ಮ ಗಾಡಿಯಲ್ಲಿಯೂ ಯಾವಾಗಲೋ ಹಾಗೆ ಮಾಡಲಾಗಿತ್ತು. ನಾನೂ ಹಾಗೆಯೇ ಬಿಡಲು ನಿಶ್ಚಯಿಸಿದ್ದೆ. ತಂದೆಯವರು ಒಪ್ಪಲಿಲ್ಲ. ಕಾರಣ ಕೇಳಿದಾಗ ಅವರು ಹೇಳಿದ ಸಂಗತಿ ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

1981ರ ಮಳೆಗಾಲ. ತಂಗಿಯನ್ನು ಹೊತ್ತ ತಾಯಿಯವರಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ನಡುರಾತ್ರಿ, ಬೇರೆ ವಾಹನವಿಲ್ಲ. ತಾಯಿಯವರನ್ನು ಹಿಂದೆ ಕೂರಿಸಿಕೊಂಡು ತಂದೆಯವರು ಹಾವೇರಿಗೆ ಹೊರಟರು. ಮೋಟೇಬೆನ್ನೂರಿನ ಹತ್ತಿರ ಕ್ಲಚ್ಚಿನ ವೈರು ಹರಿಯಿತು. ಬೇರೆ ಗಾಡಿಯಾಗಿದ್ದರೆ ಪ್ರಯಾಣ ಅಲ್ಲಿಗೇ ನಿಲ್ಲಬೇಕಾಗಿತ್ತೇನೋ. ಅವರು ಲಿವರನ್ನು ಪಾದದಿಂದ ಒತ್ತಿ ಹಿಡಿದು ಗೇರು ಹಾಕಿ, ಪಾದವನ್ನು ನಿಧಾನವಾಗಿ ಸಡಿಲಿಸುತ್ತ ಗಾಡಿಯನ್ನು ಎತ್ತಿಕೊಂಡರು. ಹಾವೇರಿಯ ಆಸ್ಪತ್ರೆಯ ಬಾಗಿಲವರೆಗೂ ಕೈಹಿಡಿಕೆಯ ಹಂಗಿಲ್ಲದೆ ನಡೆಸಿದರು. ಬೆಳಗಾಗುವಷ್ಟರಲ್ಲಿ ತಂಗಿ ಹುಟ್ಟಿದ್ದಳು.

"ನಿನ್ನ ತಂಗಿನ್ನ ಭೂಮಿಗಿ ತಂದದ್ದು ಆ ಲಿವರಪ್ಪಾ. ಅದನ್ನ ಕಳಚಿ ಒಗದು ಗಾಡಿ ಛಂದ ಮಾಡಿದ್ರ ಏನ ಬಂತು?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕ್ಲಚ್ಚು ಎಂಬ ಅಂಬಿಗ

ಯಂತ್ರದ ಪರಿಚಯವಿಲ್ಲದ ತಾಯಂದಿರಿಗೂ ತಿಳಿಯುವಂತೆ ಕ್ಲಚ್ಚಿನ ಕೆಲಸವನ್ನು ಹೇಳುವುದಾದರೆ, ಅದೊಬ್ಬ ಅಂಬಿಗನಿದ್ದಂತೆ. ಆಚೆಯ ದಡದಲ್ಲಿ ಸದಾ ತಿರುಗುವ ಎಂಜಿನು. ಈಚೆಯ ದಡದಲ್ಲಿ ಗೇರುಪೆಟ್ಟಿಗೆ ಮತ್ತು ಚಕ್ರ. ಶಕ್ತಿಯನ್ನು ಒಂದು ದಡದಿಂದ ಇನ್ನೊಂದಕ್ಕೆ ಜರ್ಕಿಲ್ಲದೆ ದಾಟಿಸುವುದು, ಬೇಡವಾದಾಗ ನಿಲ್ಲಿಸುವುದು ಕ್ಲಚ್ಚಿನ ಕಾಯಕ.

ಎಂಜಿನ್ನಿನ ಎಡಬದಿಯ ಮುಚ್ಚಳದ ಒಳಗೆ, ಎಣ್ಣೆಯಲ್ಲಿ ಮುಳುಗಿದಂತೆ ಅದು ಇರುತ್ತದೆ. ಎಂಜಿನ್ನಿನಿಂದ ಬಂದ ಚೈನು ಒಂದು ಡ್ರಮ್ಮನ್ನು ತಿರುಗಿಸುತ್ತದೆ. ಡ್ರಮ್ಮಿನ ಒಳಗೆ ಎರಡು ಬಗೆಯ ಬಿಲ್ಲೆಗಳು, ಅಂದರೆ ಪ್ಲೇಟುಗಳು, ಒಂದರ ಮೇಲೊಂದು ಅದಲುಬದಲಾಗಿ ಕೂಡುತ್ತವೆ. ಒಂದು ಬಗೆಯವು ಹೊರಗಿನ ಡ್ರಮ್ಮಿನ ಸಂದುಗಳಲ್ಲಿ ಕಿವಿ ಸಿಕ್ಕಿಸಿಕೊಂಡು ಅದರೊಡನೆ ತಿರುಗುತ್ತವೆ. ಇವುಗಳಲ್ಲಿ ಬೆಂಡಿನ ತುಂಡುಗಳನ್ನು ಕೂರಿಸಿರುತ್ತಾರೆ. ಇನ್ನೊಂದು ಬಗೆಯವು ಬರಿಯ ಉಕ್ಕಿನವು. ಒಳಗಿನ ಗುಂಬಕ್ಕೆ ಹಲ್ಲುಗಳಿಂದ ಕಚ್ಚಿಕೊಂಡು ಗೇರುಪೆಟ್ಟಿಗೆಯನ್ನು ತಿರುಗಿಸುತ್ತವೆ. ಸ್ಪ್ರಿಂಗುಗಳು ಇವೆಲ್ಲವನ್ನೂ ಒತ್ತಿ ಹಿಡಿದಿದ್ದಾಗ ಶಕ್ತಿ ದಾಟುತ್ತದೆ. ಹಿಡಿಕೆ ಒತ್ತಿದರೆ ಟೊಳ್ಳು ದಂಡದ ಒಳಗಿನ ಸರಳೊಂದು ಸ್ಪ್ರಿಂಗಿನ ವಿರುದ್ಧ ತಳ್ಳಿ ಬಿಲ್ಲೆಗಳನ್ನು ಸಡಿಲಿಸುತ್ತದೆ, ಶಕ್ತಿ ನಿಲ್ಲುತ್ತದೆ.

ಬೆಂಡು ಎಂಬುದು ಪೋರ್ಚುಗಲ್, ಸ್ಪೇನ್ ಮೊದಲಾದ ದೇಶಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. ಬಾಟಲಿಯ ಬಿರಡೆಗೆ ಬಳಸುವುದೂ ಅದನ್ನೇ. ಎಣ್ಣೆಯಲ್ಲಿ ನೆನೆದರೂ ಉಕ್ಕನ್ನು ಮೃದುವಾಗಿ ಹಿಡಿಯುವ ಗುಣ ಅದಕ್ಕಿದೆ. ಆದರೆ ಎಣ್ಣೆಯಿಲ್ಲದೆ ಒಣಗಿದರೆ ಸುಡುತ್ತದೆ, ಪುಡಿಯಾಗುತ್ತದೆ. ಈ ಒಂದು ಮಾತನ್ನು ನಾನು ತಿಳಿಯದೆ ಹೋದದ್ದೇ ಮುಂದಿನ ಅನಾಹುತಕ್ಕೆ ಮೂಲವಾಯಿತು.

ನಾನು ಮಾಡಿದ ತಪ್ಪು

ಗಾಡಿ ಚಾಲೂ ಆದ ದಿನ ಏರಿನಲ್ಲಿ ಎಂಜಿನು ಕೂಗುತ್ತಿತ್ತು, ಚಕ್ರ ಎಳೆಯುತ್ತಿರಲಿಲ್ಲ. ಕ್ಲಚ್ಚು ಜಾರುತ್ತಿದೆ ಎಂಬುದು ಸ್ಪಷ್ಟವಾಗಿತ್ತು. ಹೊಸ ಬೆಂಡಿನ ಪ್ಲೇಟುಗಳನ್ನು ತಂದೆ. ಹಳೆಯ ಉಕ್ಕಿನ ಪ್ಲೇಟುಗಳನ್ನು ಒರೆಸಿ, ಹೊಸವನ್ನು ಒಣಗಿದ್ದಂತೆಯೇ ಕೂರಿಸಿದೆ. ಇನ್ನು ಜಾರಲೇಬಾರದೆಂದು ಸ್ಪ್ರಿಂಗುಗಳನ್ನು ತಿರುಗುವಷ್ಟೂ ತಿರುಗಿಸಿ ಬಿಗಿ ಮಾಡಿದೆ. ಹಿಡಿಕೆ ಕಲ್ಲಿನಂತಾಯಿತು; ಗಟ್ಟಿಮುಟ್ಟಾದ ಕೆಲಸವೆಂದು ನನಗೆ ಹೆಮ್ಮೆಯೇ ಆಯಿತು.

ಮರುದಿನ ಮನೆಯ ಮುಂದೆ ಗಾಡಿಯನ್ನು ಚಾಲೂ ಮಾಡಿ, ಹಿಡಿಕೆಯನ್ನು ಪೂರ್ತಿ ಒತ್ತಿಯೇ ಮೊದಲನೆಯ ಗೇರು ಹಾಕಿದೆ. ಹಿಡಿಕೆ ಒತ್ತಿದ್ದರೂ ಗಾಡಿ ಮುಂದಕ್ಕೆ ನುಗ್ಗಿ ಕಟ್ಟೆಯ ಕಲ್ಲಿಗೆ ಬಡಿಯಿತು. ಕ್ಷಣದ ಹಿಂದೆ ಅದೇ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ನನ್ನ ಮೊಮ್ಮಗಳನ್ನು ಅವಳ ಅಜ್ಜಿ ಹಾಲು ಕುಡಿಸಲೆಂದು ಒಳಗೆ ಕರೆದಿದ್ದಳು. ಆ ಕರೆ ಒಂದು ಗಳಿಗೆ ತಡವಾಗಿದ್ದರೆ? ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಬೆಳಗ್ಗೆ ಎದ್ದು ತಮ್ಮನಿಗೆ ಫೋನು ಮಾಡಿ, ಗಾಡಿಯನ್ನು ಮಾರಿಬಿಡೋಣ ಎಂದು ನಾನೇ ಹೇಳಿದೆ.

ತಂದೆಯವರು ಸಿಟ್ಟಾಗಲಿಲ್ಲ. "ಗಾಡಿ ತಪ್ಪ ಮಾಡಿಲ್ಲ, ನಾವು ಮಾಡೇವಿ. ತಿಳದವರನ್ನ ಕೇಳು" ಎಂದರು ಅಷ್ಟೇ.

ಹಿರಿಯ ಮಿಸ್ತ್ರಿಯ ಮಾತು

ರಾಣೇಬೆನ್ನೂರಿನಲ್ಲಿ ಜಾವಾ ಕಾಲದಿಂದಲೂ ಕೆಲಸ ಮಾಡಿದ ಹಿರಿಯ ಮಿಸ್ತ್ರಿಯೊಬ್ಬರಿದ್ದಾರೆ. ಕಣ್ಣು ಮಂಜಾಗಿ ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟವರು. ನಮ್ಮ ಸೀಮೆಯಲ್ಲಿ ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ಗಾಡಿಯನ್ನು ಟೆಂಪೋದಲ್ಲಿ ಒಯ್ದು ಅವರ ಮುಂದೆ ನಿಲ್ಲಿಸಿದೆ. ಅವರು ಹಿಡಿಕೆಯನ್ನು ಒಮ್ಮೆ ಒತ್ತಿನೋಡಿ ನಕ್ಕರು.

"ಮಾಸ್ತರ್ರ, ಸ್ಪ್ರಿಂಗ್ ಬಿಗಿ ಮಾಡಿದ್ರ ಪ್ಲೇಟಿನ ರೋಗ ಹೋಗಂಗಿಲ್ರಿ. ರೋಗ ಒಳಗ ಉಳದು, ಕೈ ನೋವು ಹೊಸದಾಗಿ ಬರ್ತೈತ್ರಿ."

ಎಣ್ಣೆ ಇಳಿಸಿ, ಲಿವರು ಕಳಚಿ, ಮುಚ್ಚಳ ತೆಗೆಸಿದರು. ಪ್ಲೇಟುಗಳನ್ನು ಹೊರಬಂದ ಕ್ರಮದಲ್ಲಿಯೇ ಹಾಳೆಯ ಮೇಲೆ ಸಾಲಾಗಿ ಇಡಿಸಿದರು. ಆಮೇಲೆ ಉಕ್ಕಿನ ಪ್ಲೇಟೊಂದನ್ನು ಕನ್ನಡಿಯ ಗಾಜಿನ ಮೇಲಿಟ್ಟು ಬೆರಳಿನಿಂದ ಅಂಚನ್ನು ಒತ್ತಿದರು. ಅದು ಟಕಟಕನೆ ಕುಣಿಯಿತು. ಜಾರಿಜಾರಿ ಕಾದು ಸೊಟ್ಟಗಾಗಿದ್ದ ಪ್ಲೇಟು ಅದು. ಮೈಮೇಲೆ ನೀಲಿ ಕಲೆಗಳೂ ಇದ್ದವು. ಸೊಟ್ಟ ಪ್ಲೇಟು ಸ್ಪ್ರಿಂಗು ಸಡಿಲಿಸಿದಾಗಲೂ ಪಕ್ಕದ ಪ್ಲೇಟನ್ನು ತಾಗುತ್ತಲೇ ಇರುತ್ತದೆ, ಪೂರ್ತಿ ಬಿಡುವುದಿಲ್ಲ.

ಎರಡನೆಯದಾಗಿ, ಡ್ರಮ್ಮಿನ ಸಂದುಗಳ ಅಂಚಿನಲ್ಲಿ ಪ್ಲೇಟುಗಳ ಕಿವಿ ಬಡಿದು ಬಡಿದು ಸಣ್ಣ ಮೆಟ್ಟಿಲುಗಳಂತಹ ಗುಳಿಗಳು ಬಿದ್ದಿದ್ದವು. ಜಾರಿ ಬೇರೆಯಾಗಬೇಕಾದ ಪ್ಲೇಟು ಆ ಗುಳಿಯಲ್ಲಿ ಸಿಕ್ಕಿ ನಿಲ್ಲುತ್ತಿತ್ತು. ಮೂರನೆಯದು ಒಣ ಬೆಂಡು. ನಾಲ್ಕನೆಯದು ನನ್ನ ಬಿಗಿ: ಅತಿಯಾಗಿ ಅದುಮಿದ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ, ಪ್ಲೇಟು ಹಿಂದೆ ಸರಿಯಲು ಸ್ಥಳವೇ ಉಳಿದಿರಲಿಲ್ಲ.

ಅವರ ಮಾತು ಕೇಳುತ್ತಿರುವಾಗ ನನಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಯಿತು. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಹೇಳಿದ ಆ ತಾಯಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಬೇಕಾದಷ್ಟಕ್ಕಿಂತ ಹೆಚ್ಚಿನದು ಅಕ್ಕಿಯಾದರೂ ದೋಷ, ಬಿಗಿಯಾದರೂ ದೋಷ.

ಜೋಡಿಸುವ ಕ್ರಮ

ಮನೆಯ ಹಳೆಯ ಗಾಡಿಯನ್ನು ಎಬ್ಬಿಸಬೇಕೆಂಬ ತರುಣರು ನಮ್ಮ ಬಂಧುಗಳಲ್ಲಿ ಈಗ ಅನೇಕರಿದ್ದಾರೆ. ಅವರ ಉಪಯೋಗಕ್ಕಾಗಿ ಆ ಹಿರಿಯರು ಮಾಡಿಸಿದ ಕ್ರಮವನ್ನು ಇಲ್ಲಿ ಕೊಡುತ್ತೇನೆ.

ಹೊಸ ಬೆಂಡಿನ ಪ್ಲೇಟುಗಳನ್ನು ಗೇರಿನ ಎಣ್ಣೆಯಲ್ಲಿ ಒಂದು ರಾತ್ರಿ ಪೂರ್ತಿ ನೆನೆಸಬೇಕು. ಉಕ್ಕಿನ ಪ್ಲೇಟುಗಳನ್ನು ಒಂದೊಂದಾಗಿ ಗಾಜಿನ ಮೇಲೆ ಪರೀಕ್ಷಿಸಿ, ಕುಣಿಯುವುದನ್ನು ನಿರ್ದಾಕ್ಷಿಣ್ಯವಾಗಿ ಬದಲಿಸಬೇಕು. ಡ್ರಮ್ಮಿನ ಗುಳಿಗಳು ಅಲ್ಪವಾಗಿದ್ದರೆ ನಯವಾದ ಅರದಿಂದ ತೀಡಿ ಸಮ ಮಾಡಬಹುದು. ಆಳವಾಗಿದ್ದರೆ ಡ್ರಮ್ಮನ್ನೇ ಬದಲಿಸಬೇಕು. ಒಳಗಿನ ಚೈನಿಗೆ ಬಿಚ್ಚುವ ಕೊಂಡಿ ಇರುವುದಿಲ್ಲ; ಆದ್ದರಿಂದ ಎಂಜಿನ್ ಕಡೆಯ ಹಲ್ಲುಚಕ್ರವನ್ನೂ ಡ್ರಮ್ಮನ್ನೂ ಒಟ್ಟಿಗೆ ಹೊರತೆಗೆಯಬೇಕು. ಹಲ್ಲುಚಕ್ರವನ್ನು ಸುತ್ತಿಗೆಯಿಂದ ಬಡಿಯದೆ ಪುಲ್ಲರಿನಿಂದಲೇ ಎಳೆಯಬೇಕು. ನಟ್ಟು ಬಿಚ್ಚುವ ಮುನ್ನ ಅದರ ಮರೆ ಎಡಕ್ಕೋ ಬಲಕ್ಕೋ ಎಂಬುದನ್ನು ನೋಡಿಕೊಳ್ಳದೆ ಪಾನಾಕ್ಕೆ ಬಲ ಹಾಕಬಾರದು.

ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಎತ್ತರ ಹೋಲಿಸಬೇಕು. ಒಂದು ಕುಗ್ಗಿದ್ದರೂ ಎಲ್ಲವನ್ನೂ ಒಂದೇ ಜೊತೆಯಾಗಿ ಬದಲಿಸುವುದು ಲೇಸು. ಪ್ಲೇಟುಗಳನ್ನು ಅದಲುಬದಲಾಗಿ ಕೂರಿಸಿ, ಸ್ಪ್ರಿಂಗುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಆಮೇಲೆ ಹಿಡಿಕೆ ಒತ್ತಿ, ಹೊರಗಿನ ಒತ್ತುಪ್ಲೇಟು ಎಲ್ಲ ಕಡೆಯೂ ಸಮನಾಗಿ ಮೇಲೇಳುತ್ತದೆಯೇ ಎಂದು ನೋಡಬೇಕು. ಒಂದು ಕಡೆ ಮೊದಲು, ಇನ್ನೊಂದು ಕಡೆ ಆಮೇಲೆ ಎದ್ದರೆ ಬಿಗಿಯಲ್ಲಿ ಪಕ್ಷಪಾತವಾಗಿದೆ ಎಂದರ್ಥ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬಿಡುವು. ಕೈಹಿಡಿಕೆಯಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಸಡಿಲ ಇರಲೇಬೇಕು. ಸಡಿಲವಿಲ್ಲದಿದ್ದರೆ ಸರಳು ಸದಾ ಪ್ಲೇಟನ್ನು ತಳ್ಳುತ್ತಿದ್ದು ಕ್ಲಚ್ಚು ಜಾರಿ ಸುಡುತ್ತದೆ; ಸಡಿಲ ಅತಿಯಾದರೆ ಕ್ಲಚ್ಚು ಪೂರ್ತಿ ಬಿಡುವುದಿಲ್ಲ. ಯೆಜ್ಡಿಯಲ್ಲಿ ಈ ಬಿಡುವನ್ನು ಕೈಗೆ ಬೇರೆ, ಕಾಲಿಗೆ ಬೇರೆ ನೋಡಬೇಕು. ಲಿವರು ತನ್ನ ಸ್ಥಾನದಲ್ಲಿ ಸುಮ್ಮನಿದ್ದಾಗ ಕ್ಲಚ್ಚನ್ನು ಕಿಂಚಿತ್ತೂ ಮುಟ್ಟಬಾರದು. ಹಲವರು ಈ ಏರ್ಪಾಡನ್ನು ಕಳಚಿ ಎಸೆದದ್ದು ಇಷ್ಟು ತಾಳ್ಮೆಯಿಲ್ಲದೆ. ಹೊಸ ಪ್ಯಾಕಿಂಗು ಹಾಕಿ ಮುಚ್ಚಳ ಮುಚ್ಚಿ, ಗಾಡಿಯ ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ಹೇಳಿದಷ್ಟೇ ತುಂಬಬೇಕು.

ಎಂಜಿನು ಚಾಲೂ ಮಾಡುವ ಮುನ್ನವೇ ಒಂದು ಪರೀಕ್ಷೆಯುಂಟು. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರು ಹಾಕಿ, ಹಿಡಿಕೆ ಒತ್ತಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ತಿರುಗಿದರೆ ಕ್ಲಚ್ಚು ಬಿಡುತ್ತಿದೆ ಎಂದರ್ಥ. ಈ ಒಂದು ನಿಮಿಷದ ಪರೀಕ್ಷೆಯನ್ನು ನಾನು ಮೊದಲೇ ಮಾಡಿದ್ದರೆ ಕಟ್ಟೆಯ ಘಟನೆ ನಡೆಯುತ್ತಿರಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಮಕ್ಕಳನ್ನು ಗಾಡಿಯ ಮುಂದೆ ಬಿಡಬಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಕಾಗದಪತ್ರದ ವಿಷಯದಲ್ಲಿಯೂ ಒಂದು ಮಾತು. ಖಾಸಗಿ ವಾಹನದ ನೋಂದಣಿಯನ್ನು ಹದಿನೈದು ವರ್ಷಗಳ ನಂತರ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಐವತ್ತು ವರ್ಷ ದಾಟಿದ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಆದರೆ ಆ ನೋಂದಣಿ ಪಡೆದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ ಮೊದಲಾದವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು, ದಿನಬಳಕೆಗೆ ಅಲ್ಲ. ನಾವು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡೆವು.

ಹೊಳೆಯ ದಂಡೆಗೆ

ಮಿಸ್ತ್ರಿಯವರು ಕೂಲಿಯನ್ನು ಮಗನ ಕೈಗೆ ಕೊಡಿಸಿದರೇ ಹೊರತು ತಾವು ಮುಟ್ಟಲಿಲ್ಲ. "ನಿಮ್ಮ ಅಪ್ಪಾರನ್ನ ಕರಕೊಂಡು ಹೋಗ್ರಿ. ಬರೂವಾಗ ಇಲ್ಲೆ ಒಂದ ಕಪ್ಪ ಚಾ ಕುಡದು ಹೋಗ್ರಿ, ಅಷ್ಟ ಸಾಕು" ಎಂದರು. ದಾಸೋಹದ ಅರ್ಥವನ್ನು ಅವರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ಲಿಂಗಪೂಜೆ ಮುಗಿಸಿ ತಂದೆಯವರು ಧೋತರ ಉಟ್ಟು, ರುಮಾಲು ಸುತ್ತಿ ಸಿದ್ಧರಾದರು. ರುಮಾಲು ತೆಗೆದು ಹೆಲ್ಮೆಟ್ಟು ಹಾಕಿಕೊಳ್ಳಬೇಕೆಂದಾಗ ಸ್ವಲ್ಪ ಗೊಣಗಿದರು. ರುಮಾಲನ್ನು ಮಡಿಸಿ ಮಡಿಲಲ್ಲಿ ಇಟ್ಟುಕೊಂಡರು. ಬೆಂಗಳೂರಿನಿಂದ ತಮ್ಮನೂ, ಧಾರವಾಡದಿಂದ ತಂಗಿಯೂ ಬಂದಿದ್ದರು; ಅವರು ಕಾರಿನಲ್ಲಿ ಹಿಂದೆ. ನಾನು ಗಾಡಿ ನಡೆಸಿದೆ, ತಂದೆಯವರು ಹಿಂದೆ ಕುಳಿತರು. ತಾಯಿಯವರು ಕೂರುತ್ತಿದ್ದ ಸ್ಥಳ ಅದು.

ಮೋಟೇಬೆನ್ನೂರು ಬಂದಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನ ಕೈ ಬಿಡು, ಕಾಲಿಲೇ ಹಾಕು" ಎಂದರು. ಹಿಡಿಕೆ ಮುಟ್ಟದೆ ಲಿವರನ್ನು ಒತ್ತಿ ಗೇರು ಬದಲಿಸಿದೆ. ಒಂದಿಷ್ಟೂ ಜರ್ಕಿಲ್ಲದೆ ಗಾಡಿ ಮುಂದೆ ಸಾಗಿತು. ಅವರೇನೂ ಹೇಳಲಿಲ್ಲ, ಹೆಗಲ ಮೇಲಿನ ಕೈ ಮಾತ್ರ ಅಲ್ಲಿಯೇ ಇತ್ತು.

ಹೊಳೆಯ ದಂಡೆಯಲ್ಲಿ ತಂಗಿ ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾಚಟ್ನಿ, ಮೊಸರು. ತಂದೆಯವರು 1981ರ ಆ ರಾತ್ರಿಯ ಕಥೆಯನ್ನು ಅವಳಿಗೆ ತಾವೇ ಹೇಳಿದರು. ಅವಳೂ ಅಂದಿನವರೆಗೆ ಅದನ್ನು ಕೇಳಿರಲಿಲ್ಲ. ಕಥೆ ಮುಗಿದ ಮೇಲೆ ತಮ್ಮ ಎದ್ದು ಹೋಗಿ ಗಾಡಿಯ ಪಕ್ಕ ನಿಂತು ಲಿವರನ್ನು ಬಗ್ಗಿ ನೋಡುತ್ತಿದ್ದ. ತಿರುಗಿ ಬಂದು, "ಅಣ್ಣಾ, ಆ ಬೆಂಗಳೂರಿನವ್ರಿಗೆ ನಾನ ಫೋನ್ ಮಾಡಿ ಇಲ್ಲಂತ ಹೇಳ್ತೇನಿ" ಎಂದ.

ಈಗ ತಂದೆಯವರು ದಿನವೂ ಸಂಜೆ ಹಿತ್ತಲಿಗೆ ಬಂದು ಗಾಡಿಯನ್ನು ಬಟ್ಟೆಯಿಂದ ಒರೆಸುತ್ತಾರೆ. ವಾರಕ್ಕೊಮ್ಮೆ ಹಿಡಿಕೆಯ ಸಡಿಲವನ್ನು ತಮ್ಮ ಬೆರಳಿನಿಂದಲೇ ಪರೀಕ್ಷಿಸುತ್ತಾರೆ. ಮೊಮ್ಮಗಳು ಪಾನಾ ಹಿಡಿದು ಪಕ್ಕದಲ್ಲಿ ನಿಂತಿರುತ್ತಾಳೆ.

ಸಂಸಾರಕ್ಕೂ ಇದೇ ಲೆಕ್ಕವಲ್ಲವೇ, ಬಂಧುಗಳೇ? ಜಾರದಷ್ಟು ಬಿಗಿ ಬೇಕು, ಬೇಕಾದಾಗ ಬಿಡುವಷ್ಟು ಸಡಿಲವೂ ಬೇಕು, ನಡುವೆ ಒಣಗದಂತೆ ಒಂದಿಷ್ಟು ಸ್ನೇಹದ ಎಣ್ಣೆಯಿರಬೇಕು. ನಿಮ್ಮ ಮನೆಯ ಕೊಟ್ಟಿಗೆಯಲ್ಲಿಯೂ ಹಿರಿಯರು ದುಡಿಸಿದ ವಸ್ತುವೊಂದು ಧೂಳು ಹಿಡಿದು ಕುಳಿತಿದ್ದರೆ, ಮಾರುವ ಮುನ್ನ ಅದರ ಕಥೆಯನ್ನು ಹಿರಿಯರಿಂದ ಒಮ್ಮೆ ಕೇಳಿರಿ.

ಶರಣು ಶರಣಾರ್ಥಿ.